ಶಂಕ್ರಪ್ಪ ಸರ್ ತಿದ್ದಿದ ಕಾಗದ

ಶಂಕ್ರಪ್ಪ ಸರ್ ಬೆನ್ನು ತಿರುಗಿಸಿ ಕೂತಿದ್ದರೂ ಯಾರ ಬೆರಳು ತಪ್ಪಿತೆಂದು ಸಪ್ಪಳದಲ್ಲೇ ಹೇಳುತ್ತಿದ್ದರು. ಎಪ್ಪತ್ತರ ದಶಕದ ಕೊನೆಯಲ್ಲಿ ಬಾಗಲಕೋಟೆಯ ಅವರ ಟೈಪಿಂಗ್ ಕ್ಲಾಸಿಗೆ ನಾನು ಸೇರಿದ್ದೆ. ತಪ್ಪಿಗೆ ರಬ್ಬರು ಹಚ್ಚಲು ಬಿಡುತ್ತಿರಲಿಲ್ಲ. “ಹಾಳಿ ಬದಲಿ ಮಾಡವಾ ತಂಗಿ. ತಿಕ್ಕಿದ್ರ ಕಾಗದ ತೆಳ್ಳಗಾಕ್ಕೈತಿ.” ಒಂದು ಅರ್ಜಿಗೆ ಏಳು ಹಾಳೆ ಕೆಡಿಸಿ ನಾನು ಅತ್ತದ್ದೂ ಉಂಟು.

ಸುಮಾರು ಹತ್ತು ವರ್ಷದ ಮೇಲೆ, ನಾನು ಕೆಲಸಕ್ಕಿದ್ದ ಛಾಪಖಾನೆಗೆ ಕಂಪ್ಯೂಟರ್ ಬಂತು. ಟೈಪ್ ಮಾಡು ಅಂದರೆ ಮಾಲಕರಿಗೆ ಅವಮಾನ. “ವರ್ಡ್ ಪ್ರೊಸೆಸ್ ಮಾಡು” ಅನ್ನಬೇಕು. ನೋಡಲು ಬಂದ ಸರ್ ನಕ್ಕರು. “ಹತ್ತಿ ಬೀಜ ಬಿಡಿಸಿ ಜಿನ್ನಿಂಗ್ ಮಾಡಿದಂಗ ಮಾತನ್ನೂ ಪ್ರೊಸೆಸ್ ಮಾಡ್ತಾರೇನವಾ?” ನಾನು ಒಂದು ತಪ್ಪು ಅಕ್ಷರ ಅಳಿಸಿ ಸರಿಯಾದದ್ದು ಕೂಡಿಸಿದೆ. ಗುರುತೇ ಉಳಿಯಲಿಲ್ಲ. ಸರ್ ನಗು ನಿಲ್ಲಿಸಿದರು.

ಮರುದಿನ ಮತ್ತೆ ಬಂದರು. ಇಳಕಲ್ಲಿನಲ್ಲಿ ಸೀರೆ ನೇಯುವ ಅಣ್ಣನ ಜೊತೆ ಹದಿನಾಲ್ಕು ವರ್ಷದಿಂದ ಅವರಿಗೆ ಮಾತಿರಲಿಲ್ಲ. ಅವ್ವ ತೀರಿದ ದಿನ, ಆಕೆಯನ್ನು ನೀನೇ ಕೊಂದೆ ಎಂದು ಸರ್ ಅಣ್ಣನಿಗೆ ಅಂದುಬಿಟ್ಟಿದ್ದರಂತೆ. ಈಗ ವಯಸ್ಸಾಗಿ ಸರ್ ಕೈ ನಡುಗುತ್ತಿತ್ತು, ಬರೆಯಲಾಗುತ್ತಿರಲಿಲ್ಲ. ಅವರು ಹೇಳಿದ ಮೂರು ಸಾಲು ನಾನು ಕುಟ್ಟಿದೆ: “ಅಣ್ಣಾ, ನಾ ಅಂದದ್ದು ತಪ್ಪು. ನಿನ್ನ ಮನಿ ಬಾಗಲಿಗೆ ಬರ್ತೇನಿ. ಒಳಗ ಕರಿ.”

“ಪ್ರಿಂಟ್ ತಗೀಲೇನ್ರಿ ಸರ್?”

“ತಡಿಯವಾ. ತಪ್ಪು ಅಂದ್ರ ಭಾಳ ಸಣ್ಣ ಮಾತಾತು. ನಾಳಿ ಮತ್ತ ಪ್ರೊಸೆಸ್ ಮಾಡೋಣು.”

ಆ ನಾಳೆ ಎರಡು ತಿಂಗಳು ಎಳೆಯಿತು. ಒಂದು ದಿನ ಅವ್ವನ ಕಾಯಿಲೆಯ ಮಾತು ಸೇರಿತು, ಇನ್ನೊಂದು ದಿನ ಅದು ಹೋಯಿತು. ಕಾಗದ ಒಂದು ಪುಟವಾಯಿತು, ಅರ್ಧವಾಯಿತು, ಮತ್ತೆ ಪುಟವಾಯಿತು. ಹಾಳೆ ಕೆಡುವ ಭಯವಿಲ್ಲದೆ ತಿದ್ದುವ ಸುಖ ಅವರಿಗೆ ಹತ್ತಿಬಿಟ್ಟಿತ್ತು. ನನಗೋ, ನನ್ನ ಗುರು ದಿನಾ ಪಕ್ಕದಲ್ಲಿ ಕೂತು ಶಹಭಾಸ್ ಅನ್ನುವ ಹಿಗ್ಗು. ಸಾಕು ಸರ್, ಕಳಿಸಿಬಿಡೋಣ ಎಂದು ಒಂದು ಸಲವೂ ಹೇಳಲಿಲ್ಲ. ಆ ಸಂಕಟ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಒಂದು ಮುಂಜಾನೆ ಸರ್ ಬಾಗಿಲಲ್ಲೇ ನಿಂತರು.

“ಅಣ್ಣ ಹೋದನಂತವಾ. ಮಣ್ಣಿಗೆ ಹೊಂಟೇನಿ. ಮೊದಲನೇ ದಿನದ್ದು ಆ ಮೂರು ಸಾಲು ತಗದುಕೊಡು. ಅವನ ಎದಿ ಮ್ಯಾಲೆ ಇಡ್ತೇನಿ.”

ಅದು ಇರಲಿಲ್ಲ. ದಿನವೂ ಹೊಸ ಕಾಗದವನ್ನು ಹಳೆಯದರ ಮೇಲೆಯೇ ಉಳಿಸಿದ್ದೆ, ಹಳೆಯದು ಅಳಿದುಹೋಗಿತ್ತು. ತಡವರಿಸುತ್ತ ಹೇಳಿದೆ: “ನನಗ ಬಾಯಿಪಾಠ ಐತ್ರಿ ಸರ್. ಈಗ ಕುಟ್ಟಿಕೊಡ್ತೇನಿ.”

ಸರ್ ನನ್ನ ತಲೆಯ ಮೇಲೆ ಕೈಯಿಟ್ಟರು.

“ಬ್ಯಾಡವಾ. ಅದು ಅವ ಇದ್ದಾಗ ಬರಸಿದ್ದು, ಈಗ ಕುಟ್ಟಿದ್ರ ಅದಾಗೂದಿಲ್ಲ.”

ಬರಿಗೈಯಲ್ಲಿ ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಮುಂದೆ ಅವರು ಛಾಪಖಾನೆಗೆ ಬರಲಿಲ್ಲ.