“ನಿಮ್ಮೂರು ಯಾವುದ್ರೀ?”

“ಮೇಡಂ, ನಾನು ಸುಳ್ಳು ಹೇಳಿಬಿಟ್ಟೆ” ಎಂದಳು ರೇಣುಕಾ. ಮಣಿಪಾಲದಲ್ಲಿ ನನ್ನ ಕೈಕೆಳಗೆ ಆಪ್ತಸಮಾಲೋಚನೆ ಕಲಿಯುತ್ತಿರುವ ಹುಡುಗಿ. ಬಾದಾಮಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ಹೆಂಗಸೊಬ್ಬಳು ಸಮಾಲೋಚನೆಗೆ ಕುಳಿತು ಹೀಗೆ ಊರು ಕೇಳಿದಾಗ, ಅದೇ ಸೀಮೆಯ ಇವಳು ಇಲ್ಲೇ ಹತ್ತಿರದ “ಕಾಪು” ಎಂದಿದ್ದಳು. ಆಮೇಲೆ ಆಕೆ ಬಾಯಿಯೇ ಬಿಡಲಿಲ್ಲವಂತೆ.

“ಎಂತಕ್ಕೆ ಮಾರಾಯ್ತಿ?” ಎಂದೆ.

“ಇಲ್ಲಿಯ ಶಾಲೆಯಲ್ಲಿ ನನ್ನ ಮಾತಿಗೆ ನಗುತ್ತಿದ್ದರು. ಅಡಗಿಸುವುದೇ ರೂಢಿಯಾಯಿತು.”

ಮರುವಾರ ಆ ಹೆಂಗಸಿನ ಒಪ್ಪಿಗೆ ಪಡೆದು ನಾನೂ ಜೊತೆಗೆ ಕುಳಿತೆ. “ನಂದೂ ಬಾದಾಮಿ ಕಡೀನ ರೀ ಅಕ್ಕಾ, ಅವತ್ತ ಹೇಳಲಿಲ್ಲ” ಎಂದಳು ರೇಣುಕಾ. ಆಕೆ ಇವಳ ಕೈ ಹಿಡಿದು ಮಾತಿಗೆ ತೊಡಗಿದಳು. ಅರ್ಧ ನನಗೆ ತಿಳಿಯಲಿಲ್ಲ. ಆದರೂ ಅರೆನಿದ್ದೆಯಲ್ಲಿ ಅಮ್ಮನ ಕೊಂಕಣಿ ಕೇಳುತ್ತಿರುವವಳಂತೆ ಮೈಮರೆತಿದ್ದೆ.

ಸಮಾಲೋಚನೆಯ ಕೋಣೆಗೆ ಬರುವಾಗ ನಿಮ್ಮತನವನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಬನ್ನಿ ಎಂದು ವಿದ್ಯಾರ್ಥಿಗಳಿಗೆ ವರ್ಷಗಟ್ಟಲೆ ಕಲಿಸಿದವಳು ನಾನು. ಈಗ ಹಾಗೆ ಹೇಳಲು ಬಾಯಿ ಬರುತ್ತಿಲ್ಲ.