ನನಗಾಗಿ ಹಡಗು ಬಿಟ್ಟವರು

ಬಸ್ಸು ಬೊಮ್ಮನಹಳ್ಳಿ ದಾಟುವಷ್ಟರಲ್ಲಿ ನನ್ನ ಯಜಮಾನರ ಅಂಗೈ ತಣ್ಣಗಾಗಿತ್ತು. ಹಳೆಯ ಚಿತ್ರಗೀತೆ ಕೇಳುತ್ತಾ ಸಮುದ್ರ ಸುತ್ತುವ ಹಡಗುಯಾನಕ್ಕೆಂದು ನಾವೊಂದು ಗುಂಪು ಬೆಳಿಗ್ಗೆ ಜಾಲಹಳ್ಳಿಯಿಂದ ಚೆನ್ನೈ ಬಂದರಿಗೆ ಹೊರಟಿದ್ದೆವು. ಸುತ್ತ ಎಲ್ಲರೂ ಚಪ್ಪಾಳೆ ತಟ್ಟಿ ಹಾಡುತ್ತಿದ್ದರೆ ಇವರ ಹಣೆಯಿಂದ ಬೆವರು ಇಳಿಯುತ್ತಿತ್ತು. "ಗ್ಯಾಸ್ ಇರ್ಬೇಕು, ಸುಮ್ನಿರು. ಎಲ್ರಿಗೂ ಹಡಗು ತಪ್ಪೋಗತ್ತೆ" ಎಂದು ಪಿಸುಗುಟ್ಟಿದರು. ಸಂಕೋಚದಿಂದ ನಾನೂ ಸುಮ್ಮನಾದೆ. ಆ ಎರಡು ನಿಮಿಷಕ್ಕಾಗಿ ಈಗಲೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ.

ಹಿಂದಿನ ಸೀಟಿನಲ್ಲಿ ಜಯಮ್ಮ ಇದ್ದರು. ಪೀಣ್ಯದ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು, ಅಂದೇ ಪರಿಚಯ. ಸಮುದ್ರವನ್ನೇ ನೋಡಿಲ್ಲವೆಂದು ಒಬ್ಬರೇ ಬಂದಿದ್ದರು. ಇವರ ಮುಖ ನೋಡಿದ್ದೇ ಎದ್ದು, "ಡ್ರೈವರಣ್ಣ, ಮೊದ್ಲು ಆಸ್ಪತ್ರೆಗೆ ತಿರುಗ್ಸಿ!" ಎಂದು ಕೂಗಿದರು.

ಆಸ್ಪತ್ರೆಯಲ್ಲಿ ಯಜಮಾನರನ್ನು ಒಳಗೆ ಕರೆದೊಯ್ದು ಬಾಗಿಲು ಹಾಕಿದರು. ತಿರುಗಿದರೆ ಜಯಮ್ಮ ತಮ್ಮ ಸೂಟ್‌ಕೇಸ್ ಹಿಡಿದು ನಿಂತಿದ್ದರು. ಬಸ್ಸು ಹೊರಟುಹೋಗಿತ್ತು.

"ಅಯ್ಯೋ, ನಿಮ್ಮ ಹಡಗು?" ಎಂದೆ.

"ಸಮುದ್ರ ಎಲ್ಲೂ ಹೋಗಲ್ಲ ಕಣಮ್ಮಾ. ನಿಮ್ಮನ್ನ ಒಬ್ರನ್ನೇ ಬಿಟ್ಟು ಹೆಂಗೆ ಹೋಗ್ಲಿ?"

ಆಗಿದ್ದು ಹೃದಯಾಘಾತ. ಸ್ಟೆಂಟ್ ಹಾಕಿ, ಗಂಡಾಂತರ ಕಳೆಯಿತೆಂದು ವೈದ್ಯರು ಹೇಳುವವರೆಗೂ ಜಯಮ್ಮ ನನ್ನ ಕೈ ಬಿಡಲಿಲ್ಲ.

ಮರುವರ್ಷ ವೈದ್ಯರ ಒಪ್ಪಿಗೆ ಪಡೆದು ಮೂವರೂ ಅಂಥದೇ ಹಡಗು ಹತ್ತಿದೆವು. ಜಯಮ್ಮ ಕಂಬಿ ಹಿಡಿದು ಕಣ್ಣು ಮಿಟುಕಿಸದೆ ನೀರು ನೋಡುತ್ತಿದ್ದರು. ಒಳಗೆ ಆರ್ಕೆಸ್ಟ್ರಾ ಶುರುವಾಯಿತು. ನನ್ನ ಕಿವಿಗೆ ಹಾಡು ಬೀಳಲೇ ಇಲ್ಲ. ಪಕ್ಕದಲ್ಲಿ ಕೂತ ಇವರ ಉಸಿರಾಟವನ್ನೇ ಕೇಳುತ್ತಿದ್ದೆ.