ಬುತ್ತಿ ಕಟ್ಟೆಯಲ್ಲಿ ತಪ್ಪಿದ ಪಾಳಿ

ಯಾದಗಿರಿಯ ಕೋಟೆ ಗುಡ್ಡಕ್ಕೆ ಇನ್ನೂ ಬಿಸಿಲು ತಾಗಿಲ್ಲ. ಬೇವಿನ ಕಟ್ಟೆಯ ಮೇಲೆ ಆಗಲೇ ಬುತ್ತಿಗಳು ಬಂದು ಕೂತಿವೆ. ಕೆಲವು ಹಿತ್ತಾಳೆಯ ಡಬ್ಬಿ, ಹೆಚ್ಚಿನವು ಬಟ್ಟೆಯ ಗಂಟು. ದೇವಕ್ಕ ಒಂದೊಂದನ್ನೇ ಎತ್ತಿ, ಗಂಟಿನ ಬಟ್ಟೆ ನೋಡಿ ಮನೆ ಗುರುತಿಸಿ, ಬೇರೆ ಬೇರೆ ಬುಟ್ಟಿಗೆ ಇಡುತ್ತಾಳೆ. ಕಟ್ಟೆಯ ಅಂಚಿನಲ್ಲಿ ಐದು ಸಿಂಬಿಗಳು ಸಾಲಾಗಿವೆ. ತಲೆಯ ಮೇಲೆ ಬುಟ್ಟಿ ಕೂರಲೆಂದು ಹಳೆಯ ಸೀರೆ ಸುತ್ತಿ ಮಾಡಿದ ಸಿಂಬಿಗಳವು. ಆ ಸಾಲೇ ಇಲ್ಲಿಯ ಕಾನೂನು.

ಮೊದಲ ಸಿಂಬಿಯವಳಿಗೆ ರೈತರ ಮಾಲು ಮಾರಿಸಿಕೊಡುವ ಹತ್ತಿರದ ಅಡತಿ ಅಂಗಡಿಗಳ ಬುತ್ತಿ. ನಡುವಿನವರಿಗೆ ಬಜಾರು, ರೈಲು ನಿಲ್ದಾಣ. ಕೊನೆಯವಳಿಗೆ ಹಳಿಯಾಚೆಯ ಹತ್ತಿ ಗಿರಣಿ. ಗೇಟಿನಲ್ಲಿ ಗೂಡ್ಸ್ ಗಾಡಿ ನಿಂತರೆ ಅವಳು ಭಾರ ಹೊತ್ತೇ ಕಾಯಬೇಕು, ಇಳಿಸಿದರೆ ಎತ್ತಿಕೊಡುವವರಿಲ್ಲ. ಇಂದಿನ ಮೊದಲ ಸಿಂಬಿ ನಾಳೆ ಕೊನೆಗೆ ಹೋಗುತ್ತದೆ, ಉಳಿದವು ಒಂದೊಂದು ಜಾಗ ಮುಂದೆ ಸರಿಯುತ್ತವೆ. "ಜಗಳ ಇರಬಾರ್ದು, ರೊಟ್ಟಿ ಆರಬಾರ್ದು. ಅದಕ್ಕ ಈ ಪಾಳಿ ಹಚ್ಚೇನ್ರಿ" ಎನ್ನುತ್ತಾಳೆ ದೇವಕ್ಕ.

ವನದುರ್ಗದಿಂದ ಸೊಸೆಯಾಗಿ ಬಂದವಳು. ಗಿರಣಿಯಲ್ಲಿದ್ದ ಗಂಡನಿಗೆ ಬುತ್ತಿ ಒಯ್ಯುವಾಗ ನೆರೆಮನೆಯದನ್ನೂ ಒಯ್ಯುತ್ತಿದ್ದಳು. ಗಂಡ ತೀರಿದ ಮೇಲೆ ಅದೇ ಹೊಟ್ಟೆಪಾಡು. ನಿಜಾಮರ ಆಳ್ವಿಕೆ ಮುಗಿದು ನಾಲ್ಕು ವರ್ಷವಾಯಿತು. ಆಗಿನ ಹಿಂದೂ-ಮುಸ್ಲಿಂ ಗದ್ದಲದಲ್ಲೂ ದೇವಕ್ಕ ಯಾರಿಗೂ ಅನ್ಯಾಯ ಮಾಡಲಿಲ್ಲ ಎಂದು ಊರು ಹೊಗಳುತ್ತದೆ. ಆ ಮಾತು ಕೇಳಿದರೆ ಅವಳು ಮುಖ ತಿರುಗಿಸುತ್ತಾಳೆ.

ಗದ್ದಲದಲ್ಲಿ ಗಂಡನನ್ನು ಕಳೆದುಕೊಂಡ ಗೋಗಿಯ ಚಮನಬೀ ಹೋದ ವರ್ಷ ಕೆಲಸ ಕೇಳಿ ಬಂದಳು. ದೇವಕ್ಕ ಸೇರಿಸಿಕೊಂಡಳು. ವಾರದೊಳಗೇ ಅಡತಿಯ ಸೂಗಪ್ಪ ಕರೆಸಿ, ಆಕೆಯ ಕೈಯ ಬುತ್ತಿ ಬೇಡವೆಂದ.

"ಆಕಿಗಿ ಹೆಂಗ ಹೇಳ್ಲಿ ಈ ಮಾತು?" ಎನ್ನುತ್ತಾಳೆ ದೇವಕ್ಕ. "ಹೇಳ್ಲಿಲ್ಲ. ಆಕಿ ಸಿಂಬಿ ಮೊದಲಿಗಿ ಬರೂ ದಿನ ಎಲ್ಲಾರ್ಕಿಂತ ಮುಂಚೆ ಬಂದು, ಎತ್ತಿ ಸಾಲಿನ ಕೊನಿಗಿ ಇಡ್ತಿದ್ದೆ. ಆಕಿ ಮನಸ ನೋಯಬಾರ್ದಂತ ಮಾಡಾಕತ್ತೇನಿ ಅಂತ ನನಗ ನಾನಽ ಹೇಳ್ಕೊಂಡೆ."

ನಾಲ್ಕು ದಿನದ ಹಿಂದೆ ಬುಟ್ಟಿ ಎತ್ತುವಾಗ, ಜೊತೆಗೆ ಬುತ್ತಿ ಹೊರುವ ಭೀಮವ್ವ ನಗೆಯಾಡಿದಳು: "ಏ ಚಮನಬೀ, ನಿನ್ನ ಸಿಂಬಿ ಕಳ್ಳ ಎಮ್ಮಿ ನೋಡವಾ. ಮನಿ ಬಾಗಲತನಾ ಬಂದು ತಿರುಗಿ ಹೊಲಕ್ಕ ಓಡ್ತದ!"

"ಗಿರಣಿ ಗಾಳಿ ರುಚಿ ಹತ್ಯಾದ ಅದಕ್ಕ" ಎಂದಳು ಚಮನಬೀ. ಎಲ್ಲರೂ ನಕ್ಕರು, ಅವಳೂ ನಕ್ಕಳು. ದೇವಕ್ಕನಿಗೆ ತಲೆ ಎತ್ತಲಾಗಲಿಲ್ಲ. "ಆಕಿಗಿ ಗೊತ್ತಿತ್ರಿ. ಮೊದಲಿಂದ ಗೊತ್ತಿತ್ತು."

ಇಂದು ಮತ್ತೆ ಚಮನಬೀಯ ಸಿಂಬಿ ಮೊದಲಿದೆ. ದೇವಕ್ಕ ಮುಟ್ಟಿಲ್ಲ. ಚಮನಬೀ ಬಂದವಳು ಸಾಲು ನೋಡಿ ನಿಲ್ಲುತ್ತಾಳೆ.

"ದೇವಕ್ಕಾ, ಮರ್ತಿಯೇನ?"

"ಇಲ್ಲ. ಅಡತಿ ಬುಟ್ಟಿ ಎತ್ತು."

"ಸಾವ್ಕಾರ ಉಪಾಸ ಕುಂದರ್ತಾನ."

"ಆ ಹೊಟ್ಟಿ ಉಪಾಸ ಇರೂದಲ್ಲ, ನೀ ನಡಿ!" ಎನ್ನುತ್ತಾಳೆ ಭೀಮವ್ವ. ಈ ಸಲ ಯಾರೂ ನಗುವುದಿಲ್ಲ.

ಬಿಸಿಲೇರುವ ಹೊತ್ತಿಗೆ ಚಮನಬೀ ಮರಳುತ್ತಾಳೆ. ಉಳಿದ ಅಂಗಡಿಯವರು ಸುಮ್ಮನೆ ಇಸಿದುಕೊಂಡಿದ್ದಾರೆ. ಸೂಗಪ್ಪನ ಡಬ್ಬಿ ಮಾತ್ರ ಹೋದಷ್ಟೇ ಭಾರವಾಗಿ ವಾಪಸು ಬಂದಿದೆ. ದೇವಕ್ಕ ಅದನ್ನು ಅವನ ಮನೆಗೆ ತಾನೇ ಒಯ್ದು, ಹೆಂಡತಿ ಕಲ್ಯಾಣಮ್ಮನ ಮುಂದೆ ಇಡುತ್ತಾಳೆ. "ಅಮ್ಮಾರೇ, ನಾಳಿಂದ ನಮ್ಮ ಕಟ್ಟಿಗಿ ಬುತ್ತಿ ಕಳಿಸಬ್ಯಾಡ್ರಿ. ನನ್ನ ಕಡಿ ಪಾಳಿ ಬಿಟ್ಟು ಬ್ಯಾರೆ ಇಲ್ಲ." ಅವಳಿಗೆ ಬುತ್ತಿ ಕೊಡುವ ಮನೆಗಳಲ್ಲಿ ಎಲ್ಲಕ್ಕಿಂತ ಹಳೆಯದು ಅದು. ಕಲ್ಯಾಣಮ್ಮ ಡಬ್ಬಿ ಒಳಗಿಟ್ಟು ಬಾಗಿಲು ಮುಚ್ಚಿಕೊಳ್ಳುತ್ತಾಳೆ.

ಕಟ್ಟೆಗೆ ಮರಳಿದಾಗ ಭೀಮವ್ವ ಬೆನ್ನು ತಟ್ಟಲು ಬರುತ್ತಾಳೆ. ದೇವಕ್ಕ ಸರಿದು ಕೂರುತ್ತಾಳೆ. ಚಮನಬೀ ಬುಟ್ಟಿ ಒರೆಸಿ ಬೋರಲು ಹಾಕಿ, "ಬರ್ತೇನಿ" ಎಂದಷ್ಟೇ ಹೇಳಿ ಮನೆಯ ದಾರಿ ಹಿಡಿಯುತ್ತಾಳೆ. ಅವಳು ಓಣಿ ತಿರುಗುವವರೆಗೂ ದೇವಕ್ಕ ನೋಡುತ್ತಲೇ ಇರುತ್ತಾಳೆ.

"ಇವತ್ತೂ ಏನೂ ಅನ್ಲಿಲ್ಲ ನೋಡ್ರಿ. ಒಂದ್ಸಲ, ಇವರೆಲ್ಲಾರ ಮುಂದ, ಬಾಯಿಗಿ ಬಂದಂಗ ಬೈಬೇಕ್ರಿ ಆಕಿ ನನಗ. ನಾ ಕೇಳೂದು ಅಷ್ಟಽ."